ಲೋಹ ಕುಗ್ಗುವ ವಿಚಾರ

ಬೀಳುವುದೂ ಇಲ್ಲ, ಆರುವುದೂ ಇಲ್ಲ, ಹಬೆಯ ಕೊಳವೆಯ ತುದಿಯಲ್ಲಿ ಆ ಹನಿ ಹಾಗೇ ನೇತಾಡುತ್ತಿದೆ, ಅಡುಗೆಮನೆಯ ಕಿಟಕಿ ಅದರೊಳಗೆ ತಲೆಕೆಳಗಾಗಿ ಕೂತಿದೆ, ಎಲ್ಲಿಂದ ಬಂದೆಯಪ್ಪ ನೀನು, ಗಡಿಯಾರದಜ್ಜ ಕತ್ತು ಓರೆ ಮಾಡಿ ನೋಡಿದ, ಕಾಫಿ ಯಂತ್ರದ ಪ್ಲಗ್ಗು ಕಿತ್ತಾಗಿದೆ, ಬಿಸಿಯಿದ್ದಾಗಲೇ ನೀರಿನ ನಳ ತೆರೆದು ಬಾಯ್ಲರಿನ ಹೊಟ್ಟೆ ಬರಿದು ಮಾಡಿಯಾಗಿದೆ, ಉಳಿದ ಹಬೆಯನ್ನು ಬುಸ್ಸೆಂದು ಬಿಟ್ಟು ತಣ್ಣಗಾಗಲು ಇಟ್ಟು ಒಂದು ದಿನವೇ ಕಳೆದಿದೆ, ಆದರೂ ಎಲ್ಲೋ ಕೊಳವೆಯ ಬಾಗಿನಲ್ಲಿ ಅಡಗಿದ್ದ ಒಂದು ಹನಿ ಈಗ ಪುರಸೊತ್ತಾಗಿ ಹೊರಟು ಬಂದಿದೆ — ಬರಲಿ, ಯಾವುದಕ್ಕೂ ತನ್ನದೇ ಒಂದು ಹೊತ್ತು ಇರುತ್ತದೆ, ಆ ಹೊತ್ತನ್ನು ಇಟ್ಟವನು ಮೇಲಿದ್ದಾನೆ, ಗಡಿಯಾರ ರಿಪೇರಿ ಮಾಡುವವನಿಗೆ ಸಿಗುವುದು ಬರೀ ಮುಳ್ಳು. ಅವನು ಟವೆಲ್ಲು ಹಾಸಿದ, ಅದರ ಮೇಲೆ ಸ್ಪ್ಯಾನರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಟ್ಟಲಲ್ಲಿ ವಿನಿಗರು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ತನ್ನ ಹಳೆಯ ಮಸೂರ, ಎಲ್ಲವನ್ನೂ ಸಾಲಾಗಿ ಇಟ್ಟ. ತನ್ನ ಗಡಿಯಾರದಂಗಡಿಯ ಷಟರು ಕೊನೆಯ ಸಲ ಎಳೆದ ದಿನ ಮಗಳು ಈ ಯಂತ್ರವನ್ನು ಎರಡು ಕೈಯಲ್ಲಿ ಅಪ್ಪಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದಳು, ಬಸ್ಸು ಓಡಿಸುವವಳು, ತೋಳಲ್ಲಿ ಬಲ ಇದೆ, ಅಪ್ಪಾ ನಿಮ್ಮ ಕೈ ಸುಮ್ಮನೆ ಕೂತರೆ ಮನೆಯಲ್ಲಿರೋ ಗಡಿಯಾರನೆಲ್ಲ ಬಿಚ್ಚಿ ಹಾಕ್ತೀರ, ಇದನ್ನ ಇಟ್ಕೊಳಿ, ಇದರಲ್ಲಿ ಬಿಚ್ಚೋಕೆ ಬೇಕಾದಷ್ಟಿದೆ. ಬಲಗಡೆಯ ಹಿಡಿ ಹಬೆಯದು, ಎಡಗಡೆಯದು ಬಿಸಿನೀರಿನದು. ಹಬೆ ಬಿಟ್ಟು ಹಾಲು ನೊರೆ ಮಾಡುವುದು ಅವನ ಕೆಲಸ, ಬಿಸಿನೀರು ಹಿಡಿದು ಕಪ್ಪು ಬೆಚ್ಚಗೆ ಮಾಡುವುದು ಹೆಂಡತಿಯದು, ಅವಳು ಇದ್ದಾಗ. ಹೋದ ಚಳಿಗಾಲದವರೆಗೆ ಇದ್ದಳು. ಅವಳು ಹೋದಂದಿನಿಂದ ಈ ಯಂತ್ರದ ಲೋಹ ಕುಗ್ಗುತ್ತಿಲ್ಲ, ಯಾಕೆ, ಅದೊಂದು ಗೊತ್ತಾಗಬೇಕು ಅವನಿಗೆ, ಬೆಳಗಿನ ಪ್ರಾರ್ಥನೆಯಲ್ಲಿ ಕೂಡ ಈಗ ಅದೇ ನುಗ್ಗಿಬರುತ್ತದೆ, ದೇವರೇ ಅವಳನ್ನು ಚೆನ್ನಾಗಿ ನೋಡಿಕೋ, ಮಗಳ ಬಸ್ಸನ್ನು ಕಾಪಾಡು, ಮತ್ತೆ ಆ ಲೋಹದ ವಿಚಾರ.

ಮೊದಮೊದಲು ಹೀಗೇ ಸೋರುತ್ತಿತ್ತಲ್ಲ, ಯಂತ್ರ ಬಂದ ಹೊಸದರಲ್ಲಿ, ಬೆಳಗ್ಗೆ ಎದ್ದು ನೋಡಿದರೆ ಕಟ್ಟೆಯ ಮೇಲೆ ಒಂದು ಕೆರೆ, ಕಟ್ಟೆಯಿಂದ ನೆಲಕ್ಕೆ ಒಂದು ಕಾಲುವೆ, ಕನ್ನಡಕ ಹಾಕಿಕೊಳ್ಳದೆ ಬರಿಗಾಲಲ್ಲಿ ಬಂದವನು ಅದರ ಮೇಲೆ ಕಾಲಿಟ್ಟು ಜಾರಿ ಬಾಗಿಲು ಹಿಡಿದು ನಿಂತಿದ್ದ, ಅವಳು ಒರೆಸುತ್ತ ಗೊಣಗಿದ್ದಳು, ಆ ಹಿಡೀನ ಸ್ವಲ್ಪ ಗಟ್ಟಿಯಾಗಿ ತಿರುಗಿಸಬಾರದೇನ್ರೀ, ಹೂವು ಮುಟ್ಟಿದ ಹಾಗೆ ಮುಟ್ಟಿದ್ರೆ ನಳ ಮುಚ್ಚುತ್ತಾ. ಏನು ಮಾಡುವುದು, ಕೂದಲಿನಂಥ ಸ್ಪ್ರಿಂಗುಗಳ ಜೊತೆ ಬಾಳಿದ ಬೆರಳು, ತಡೆ ಸಿಕ್ಕಿದ ಕೂಡಲೇ ನಿಲ್ಲು ಎಂದು ಅಪ್ಪ ತಲೆಗೆ ಮೊಟಕಿ ಕಲಿಸಿದ್ದು, ತಡೆ ಸಿಕ್ಕಿದ ಮೇಲೂ ತಿರುಗಿಸುವವನು ಕಮ್ಮಾರ, ಗಡಿಯಾರದವನಲ್ಲ. ಅವಳ ಕೈ ಬೇರೆ ಜಾತಿಯದು, ಆಸ್ಪತ್ರೆಯ ನರ್ಸಿನ ಕೈ, ಆಕ್ಸಿಜನ್ ಸಿಲಿಂಡರಿನ ಹಿಡಿಯನ್ನು ಮುಚ್ಚಿದ ಮೇಲೂ ಇನ್ನೊಂದು ಸುತ್ತು ಬಿಗಿಯದೆ ವಾರ್ಡಿನಿಂದ ಹೊರಗೆ ಕಾಲಿಡದ ಕೈ, ಅವಳು ಮುಚ್ಚಿದ ಡಬ್ಬಿಯ ಮುಚ್ಚಳ ತೆಗೆಯಲು ಮಗಳು ಬರಬೇಕು. ಹಾಗೆ ಗೊಣಗಿದ ಮಾರನೆಯ ಬೆಳಗ್ಗೆಯೇ ಅಲ್ಲವೇ, ಹಬೆಯ ಹಿಡಿ ಬೆರಳಿಗೆ ಬಗ್ಗಲಿಲ್ಲ, ಬಟ್ಟೆ ಸುತ್ತಿ ತಿರುಗಿಸಬೇಕಾಯಿತು, ಕಟ್ಟೆ ಒಣಗಿತ್ತು, ನೀರಿನ ಹಿಡಿಯೂ ಹಾಗೇ ಬಿಗಿ. ತಾನು ಮೆಲ್ಲಗೆ ಮುಚ್ಚಿದ್ದು ಬೆಳಗಾಗುವುದರೊಳಗೆ ಹೇಗೆ ಬಿಗಿಯಿತು. ಬಿಸಿಯಿದ್ದಾಗ ಮುಚ್ಚಿದ್ದು, ತಣ್ಣಗಾದಾಗ ಬಿಗಿ — ಹೊಳೆದೇ ಬಿಟ್ಟಿತು, ಲೋಲಕ, ಚಳಿಯಲ್ಲಿ ಲೋಲಕದ ಕಡ್ಡಿ ಕುಗ್ಗಿ ಗಡಿಯಾರ ಮುಂದೆ ಓಡುವುದಿಲ್ಲವೇ, ಬೇಸಿಗೆಯಲ್ಲಿ ಹಿಗ್ಗಿ ಹಿಂದೆ ಬೀಳುವುದಿಲ್ಲವೇ, ಇದೂ ಅದೇ, ಲೋಹ ಕುಗ್ಗಿ ತನ್ನನ್ನು ತಾನೇ ಬಿಗಿದುಕೊಳ್ಳುತ್ತದೆ. ಎಷ್ಟು ಜನಕ್ಕೆ ಹೇಳಿದ್ದಾನೆ. ಮನೆಗೆ ಬಂದವರು ಕಪ್ಪಿಗೆ ಬಾಯಿಡುವ ಮೊದಲು ಇದನ್ನು ಕೇಳಲೇಬೇಕು, ಅವಳ ತಮ್ಮನಂತೂ ಸೋಫಾದಲ್ಲಿ ಕಾಲು ಚಾಚಿ, ಭಾವಾ ಆ ಲೋಹ ಕುಗ್ಗೋ ವಿಚಾರ ಇನ್ನೊಂದ್ಸಲ ಹೇಳಿ, ಹೋದ ಸಲ ಸರಿಯಾಗಿ ತಲೆಗೆ ಹೋಗ್ಲಿಲ್ಲ ಅನ್ನುತ್ತಿದ್ದ, ಇವನು ಎದ್ದು ನಿಂತು, ತನ್ನ ತೋಳನ್ನೇ ಲೋಲಕ ಮಾಡಿ ಅತ್ತಿತ್ತ ತೂಗಿ ತೋರಿಸುತ್ತಿದ್ದ, ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತು ಕಪ್ಪು ಒರೆಸುತ್ತಿದ್ದಳು. ಈಗ ನೋಡಿದರೆ ಚಳಿ ಮೊದಲಿನ ಹಾಗೇ ಬಂತು, ಯಂತ್ರ ಮೊದಲಿನ ಹಾಗೇ ತಣ್ಣಗಾಯಿತು, ಹಿಡಿ ಮಾತ್ರ ಅವನು ಬಿಟ್ಟ ಜಾಗದಲ್ಲೇ ಸಡಿಲವಾಗಿ ಕೂತಿತ್ತು, ಕಟ್ಟೆಯ ಮೇಲೆ ಕೆರೆ. ಅಳುವುದಕ್ಕೆಂದೇ ಎದ್ದ ಬೆಳಗುಗಳಲ್ಲಿ ಅವನು ಅಳು ಮರೆತು ಹಿಡಿಯನ್ನು ಮುಟ್ಟಿ ಮುಟ್ಟಿ ನೋಡಿದ್ದಾನೆ, ಇದು ಹೇಗೆ, ಇದು ಹೇಗಾದೀತು, ದುಃಖದಲ್ಲಿರುವವನಿಗೆ ಒಂದು ಪ್ರಶ್ನೆ ಕೊಡುವುದೂ ದೇವರ ಒಂದು ದಯೆಯೇ ಇರಬೇಕು, ಮೂಗು ಒರೆಸಿಕೊಳ್ಳಲು ಕೊಟ್ಟ ಬಟ್ಟೆಯ ಹಾಗೆ.

ಹಬೆಯ ವಾಲ್ವಿನ ಒಳಗಿನ ಕಡ್ಡಿಯನ್ನು ನಿನ್ನೆಯೇ ಬಿಚ್ಚಿದ್ದ, ದೊಡ್ಡ ಕಷ್ಟವೇನಲ್ಲ, ಹಿಡಿ ತೆಗೆ, ಅದರ ಹಿಂದಿನ ನಟ್ಟು ಸಡಿಲಿಸು, ಕಡ್ಡಿ ತಾನಾಗಿ ಸುತ್ತಿಕೊಂಡು ಹೊರಗೆ ಬರುತ್ತದೆ, ನಡುವಿನಲ್ಲಿ ಎರಡು ರಬ್ಬರಿನ ಬಳೆ, ತುದಿಯಲ್ಲಿ ಗುಂಡಿಯಷ್ಟು ಗಾತ್ರದ ಒಂದು ರಬ್ಬರಿನ ಬಿಲ್ಲೆ, ಆ ಬಿಲ್ಲೆ ಹೋಗಿ ಹಿತ್ತಾಳೆಯ ಬಾಯಿಗೆ ಒತ್ತಿಕೊಂಡರೆ ಹಬೆ ನಿಂತಿತು, ಅಷ್ಟೇ ಗುಟ್ಟು. ಮಸೂರ ಸಿಕ್ಕಿಸಿಕೊಂಡು ನೋಡಿದಾಗ ಬಿಲ್ಲೆಯಲ್ಲಿ ಒಂದು ಆಳವಾದ ಉಂಗುರದ ಗುರುತು, ಯಾರೋ ಮುದ್ರೆ ಒತ್ತಿದ ಹಾಗೆ. ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಯಂತ್ರದ ಬಿಡಿಸಾಮಾನಿನ ಅಂಗಡಿಗೆ ಹೋದ, ಗಲ್ಲಾದ ಹಿಂದಿನ ಹೆಂಗಸು ಬಾಯಿತುಂಬ ಬನ್ನು ಇಟ್ಟುಕೊಂಡೇ ಅದನ್ನು ಬೆಳಕಿಗೆ ಹಿಡಿದಳು, ಅಜ್ಜಾ ಇದು ಮುಚ್ಚಿದ್ದಲ್ಲ, ಜಜ್ಜಿದ್ದು, ಯಾರದು ನಿಮ್ಮನೇಲಿ ಇಷ್ಟು ಗಟ್ಟಿ ಕೈ. ನಾನೊಬ್ಬನೇ ಇರೋದಮ್ಮ. ಹೌದಾ, ನಿಮ್ಮ ಕೈ ನೋಡಿದ್ರೆ ಹಾಗನ್ನಿಸಲ್ಲ. ಅವನು ಲೋಹ ಕುಗ್ಗುವ ವಿಚಾರ ಶುರು ಮಾಡಿದ, ಹಿಂದೆ ನಿಂತವರು ಕೆಮ್ಮಿದರು, ಅವಳು ಹೌದಾ ಹೌದಾ ಎನ್ನುತ್ತಲೇ ಎರಡು ಜೊತೆ ಸಾಮಾನು ಪೊಟ್ಟಣ ಕಟ್ಟಿದಳು, ಒಂದು ಬಿಚ್ಚಿದ ಮೇಲೆ ಎರಡೂ ಮಾಡಿಬಿಡಿ ಅಜ್ಜಾ, ನೀರಿನದೂ ಒಳಗೆ ಒಣಗಿ ಬಿರಿದಿರುತ್ತೆ, ಒಂದಿನ ಬಿಸಿನೀರು ಮುಖಕ್ಕೆ ಹಾರುತ್ತೆ, ತಗೊಳಿ ಗ್ರೀಸು, ಬಾಯಿಗೆ ಹೋದ್ರೂ ಏನಾಗಲ್ಲ, ಹಾಗಂತ ಬ್ರೆಡ್ಡಿಗೆ ಹಚ್ಚಬೇಡಿ, ಹೊಸ ರಬ್ಬರನ್ನ ಎರಡೇ ಬೆರಳಲ್ಲಿ ಮುಚ್ಚಿ. ಎರಡು ಬೆರಳಲ್ಲಿ ಮುಚ್ಚುವುದನ್ನು ಇವಳು ನನಗೆ ಹೇಳುವುದು. ಈ ಬೆಳಗ್ಗೆ ಆ ಹಬೆಯ ಕಡ್ಡಿಗೆ ನೀರಿನಿಂದ ಕಟ್ಟಿದ್ದ ಸುಣ್ಣವನ್ನು ವಿನಿಗರಿನಲ್ಲಿ ಕರಗಿಸಿ, ಬ್ರಷ್ಷಿನಲ್ಲಿ ತಿಕ್ಕಿ, ಹೊಸ ಬಳೆ ತೊಡಿಸಿ, ಗ್ರೀಸನ್ನು ಸೂಜಿಯ ತುದಿಯಲ್ಲಿ ತೆಗೆದು, ಎಷ್ಟು ಬೇಕೋ ಅಷ್ಟು, ಎಣ್ಣೆ ಹೆಚ್ಚಾದರೆ ಗಡಿಯಾರ ಸಾಯುತ್ತದೆ, ಹಚ್ಚಿ ಕೂರಿಸಿದ, ತಿರುಗಿಸಿದರೆ ಬೆಣ್ಣೆ, ಈ ತುದಿಯಿಂದ ಆ ತುದಿಗೆ ಒಂದು ಸದ್ದಿಲ್ಲ, ಭಗವಂತಾ ನನ್ನ ಕೈ ಇನ್ನೂ ನಡುಗುತ್ತಿಲ್ಲ, ನಿನಗೆ ದೊಡ್ಡ ನಮಸ್ಕಾರ.

ಇನ್ನು ನೀರಿನದು, ಅದು ಸೋರುತ್ತಿಲ್ಲ, ಅಥವಾ ಇನ್ನೂ ಸೋರಲು ಶುರು ಮಾಡಿಲ್ಲ, ನಟ್ಟಿಗೆ ಸ್ಪ್ಯಾನರು ಹಾಕಿದವನು ನಿಂತ, ಜಜ್ಜಿದ್ದು ಅಂದಳಲ್ಲ ಆ ಹೆಂಗಸು, ಎಷ್ಟು ಒತ್ತಿದರೆ ಅಂಥ ಗುರುತು ಬಿದ್ದೀತು, ಹೇಗೂ ಇದರ ಬಿಲ್ಲೆಯನ್ನು ಎಸೆಯುವುದೇ ತಾನೇ, ಒಂದು ಸಲ ಒತ್ತಿ ನೋಡಿದರೇನು, ಸ್ಪ್ಯಾನರು ಕೆಳಗಿಟ್ಟು ಹಿಡಿಯನ್ನು ಬಲಕ್ಕೆ ತಿರುಗಿಸಿದ, ತಡೆ ಸಿಕ್ಕಿತು, ಪ್ರತಿದಿನ ಅವನು ನಿಲ್ಲುವ ಜಾಗ ಇದು, ಅಪ್ಪನ ಮೊಟಕು ನೆನಪಾಯಿತು, ಅಪ್ಪಾ ಕ್ಷಮಿಸಿ, ಇಡೀ ಮುಷ್ಟಿಯಲ್ಲಿ ಹಿಡಿದು ತಡೆಯ ಆಚೆಗೆ ಇನ್ನೊಂದಿಷ್ಟು ತಿರುಗಿಸಿದ — ಕಿರ್. ಕೈ ಅಲ್ಲೇ ನಿಂತಿತು. ಈ ಸದ್ದು ಗೊತ್ತು. ಸಡಿಲಿಸಿ ಮತ್ತೆ ತಿರುಗಿಸಿದ, ತಡೆಯವರೆಗೆ ಮೌನ, ಆಚೆಗೆ ಹೋದರೆ ಕಿರ್. ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದ ಸದ್ದು, ಅವಳ ಪ್ರಾರ್ಥನೆಯ ಪುಸ್ತಕ ಮುಚ್ಚಿದ್ದು, ಚಪ್ಪಲಿ ಎಳೆದದ್ದು, ಕಿರ್, ಕಿರ್, ಎರಡು ಸಲ, ದೀಪ ಆರಿದ್ದು, ಆಮೇಲೆ ತಣ್ಣಗಿನ ಕೈಯೊಂದು ಹೊದಿಕೆಯೊಳಗೆ ಬಂದದ್ದು. ಬೀರುವಿನ ಕದ ಅಂದುಕೊಂಡಿದ್ದನಲ್ಲ. ಕದದ ಕೀಲಿಗೆ ಎಷ್ಟು ಸಲ ಎಣ್ಣೆ ಬಿಟ್ಟಿದ್ದಾನೆ, ಮೆತ್ತಗೆ ತೆರೆಯುತ್ತಿತ್ತು ಕದ, ಮಲಗಿದರೆ ಮತ್ತೆ ಕಿರ್, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದಹಾಗೆ, ಕೊನೆಗೆ ಅದಕ್ಕೂ ಒಂದು ವಿಚಾರ ಹುಡುಕಿದ್ದ, ಮರ ರಾತ್ರಿಯ ತೇವಕ್ಕೆ ಉಬ್ಬುತ್ತದೆ ಅಂತ, ಅವಳು ಆ ಕಡೆ ಮಗ್ಗುಲಾಗಿ, ಇರ್ಬೋದು ಬಿಡ್ರೀ, ಕದ ಹಳೇದು ಅಂದಿದ್ದಳು. ಹಾಗಾದರೆ. ಹಾಗಾದರೆ ಲೋಹ ಎಂದೂ ಕುಗ್ಗಿರಲಿಲ್ಲ. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದವನ ಹಾಗೆ ಅವನು ಹಿತ್ತಾಳೆಯನ್ನೂ ಚಳಿಯನ್ನೂ ಲೋಲಕವನ್ನೂ ಹುಡುಕಿದ್ದ, ತಿರುಗಿಸುತ್ತಿದ್ದದ್ದು ಪಕ್ಕದಲ್ಲೇ ಮಲಗುವ ಕೈ. ಮತ್ತೆ ಅವಳು ಅಲ್ಲೇ ಹಿಂದೆ ನಿಂತಿದ್ದಳು, ಅವನು ತಮ್ಮನಿಗೆ ತೋಳು ತೂಗಿ ತೋರಿಸುವಾಗ, ಕಪ್ಪು ಒರೆಸುತ್ತ, ಈಗ ನೆನಪಾಗುತ್ತಿದೆ, ಒಣಗಿದ ಕಪ್ಪು ಅದು, ಕಪಾಟಿನಿಂದ ತೆಗೆದದ್ದು, ಒರೆಸಲು ಅದರಲ್ಲಿ ಏನೂ ಇರಲಿಲ್ಲ. ಕಿವಿ ಬಿಸಿಯಾಯಿತು. ಸೂಜಿ ಹಾಕುವಾಗ ನೋವಾಗಲ್ಲ ಅಂತ ಯಾವ ರೋಗಿಗೂ ಸುಳ್ಳು ಹೇಳದವಳು, ನೋವಾಗುತ್ತೆ, ಹಲ್ಲು ಕಚ್ಕೊಳಿ ಅನ್ನುವವಳು, ಸ್ವಂತ ಗಂಡನಿಗೆ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಯಾಕೆ. ನಗುತ್ತಿದ್ದಳೇ ನನ್ನ ಬೆನ್ನ ಹಿಂದೆ. ಈ ಮುದುಕ ಇನ್ನೊಂದು ಸಲ ಕುಣಿಯಲಿ ಅಂತ. ಇದನ್ನು ಯಾರನ್ನು ಕೇಳಬೇಕು, ದೇವರನ್ನು ಕೇಳಬಹುದು, ದೇವರು ಅವಳ ಕಡೆಯವನು, ಹೇಳುವುದಿಲ್ಲ.

ಮಗಳು ಫೋನು ಎತ್ತಿದಾಗ ಹಿಂದೆ ಡಿಪೋದ ಗದ್ದಲ, ಯಾರೋ ಹಾರನ್ನು ಒತ್ತಿ ನೋಡುತ್ತಿದ್ದರು, ಹೇಳಿ ಅಪ್ಪಾ, ಊಟ ಮಾಡ್ತಿದೀನಿ, ಇನ್ನೊಂದು ಟ್ರಿಪ್ ಇದೆ, ಹುಷಾರಾಗಿದೀರಾ. ಹುಷಾರಾಗಿದೀನಿ, ಒಂದು ವಿಷಯ ಕೇಳ್ತೀನಿ, ಸುತ್ತಿ ಬಳಸದೆ ಹೇಳು, ನಿಮ್ಮಮ್ಮ ಈ ಮೆಷೀನಿನ ಹಿಡೀನ ಮಲಗೋ ಮುಂಚೆ ತಿರುಗಿಸ್ತಿದ್ಲಾ. ಅಗಿಯುವ ಸದ್ದು ನಿಂತಿತು. ಗೊತ್ತಾಗಿಹೋಯ್ತಾ, ಅಂದಳು ಮಗಳು. ಅಂದ್ರೆ ನಿಂಗೆ ಗೊತ್ತಿತ್ತು. ಹೂಂ. ನಿಮ್ಮ ಮಾವಂಗೆ. ಅವರಿಗೆ ನನಗಿಂತ ಮುಂಚೇನೇ ಗೊತ್ತಿತ್ತು ಅಪ್ಪಾ. ಅವನು ಕುರ್ಚಿ ಎಳೆದು ಕೂತ, ಚೆನ್ನಾಗಿದೆ, ಟಿಕೇಟು ಇಟ್ಟಿದ್ರೆ ಇನ್ನೂ ಚೆನ್ನಾಗಿರ್ತಿತ್ತು, ಒಬ್ಬ ಮುದುಕ ಕೈ ಬೀಸ್ಕೊಂಡು ಪಾಠ ಹೇಳೋದು, ಮನೆಮಂದಿಯೆಲ್ಲ ಕೂತು ನೋಡೋದು. ಹಾಗಲ್ಲ ಅಪ್ಪಾ, ಕೇಳಿ ಇಲ್ಲಿ, ನಾನೂ ಅಮ್ಮನ್ನ ಕೇಳಿದ್ದೆ, ಪಾಪ ಅಪ್ಪಂಗೆ ಹೇಳ್ಬಾರ್ದಾ ಅಂತ, ಅಮ್ಮ ಏನಂದ್ರು ಗೊತ್ತಾ, ಮೊದಲನೇ ದಿನ ನೀವು ಜಾರ್ತೀರ ಅಂತ ತಿರುಗಿಸಿದ್ದಂತೆ, ಬೆಳಗ್ಗೆ ಹೇಳೋಣ ಅಂತಾನೇ ಇದ್ರಂತೆ, ಅಷ್ಟರಲ್ಲಿ ನೀವು ಕನ್ನಡಕಾನೂ ಇಲ್ದೆ ಓಡ್ಬಂದು, ಮಲಗಿದ್ದವರನ್ನ ಎಬ್ಬಿಸಿ, ಏಳೇ ಏಳೇ, ನಾನೊಂದು ಕಂಡುಹಿಡಿದೆ ಅಂದ್ರಂತೆ. ಹೌದು, ಅಂದಿದ್ದ. ಅಂಗಡಿ ಮುಚ್ಚಿದ ಮೇಲೆ ನಿಮ್ಮಪ್ಪನ ಮುಖ ಹಾಗೆ ಅರಳಿದ್ದನ್ನ ನೋಡಿರ್ಲಿಲ್ಲ ಕಣೇ, ಹೇಗೆ ಹೇಳ್ಲಿ, ಇನ್ಮೇಲೆ ದಿನಾ ತಿರುಗಿಸ್ದೆ ಇದ್ರೆ ನಾಳೆ ಲೋಹ ಕುಗ್ಗಲ್ಲ, ಮನುಷ್ಯ ಬಾಡಿಹೋಗ್ತಾನೆ, ಅಂದ್ರು ಅಮ್ಮ. ಅವನು ಕೂತಲ್ಲಿಂದಲೇ ಹಿಡಿಯ ಕಡೆ ನೋಡಿದ. ಆಮೇಲೆ ಒಂದು ಹೊಳೆಯಿತು, ತಡೀ, ಅವಳು ಆಸ್ಪತ್ರೆ ಸೇರಿದಾಗಲೂ ಬಿಗಿಯಾಗೇ ಇರ್ತಿತ್ತಲ್ಲ. ಆಗ ನಾನು ಮನೇಲಿದ್ನಲ್ಲ ಅಪ್ಪಾ, ನಿಮಗೆ ಜೊತೆಗೆ, ಅಮ್ಮ ಅಲ್ಲಿಂದ ಫೋನ್ ಮಾಡೋರು, ಮಾತಾಡೋಕೆ ಉಸಿರಿಲ್ಲ, ಔಷಧಿ ಕೊಟ್ರು ಅಂತ ಹೇಳೋ ಬದಲು, ಹಿಡಿ ತಿರುಗಿಸಿದ್ಯಾ ಅನ್ನೋರು. ಹಾರನ್ನು ಮತ್ತೆ ಕೂಗಿತು. ಅಮ್ಮ ಹೋದ್ಮೇಲೆ ನಾನು ನಿಲ್ಲಿಸ್ಬಿಟ್ಟೆ, ನಿಮ್ಮನೇಲಿ ಇದ್ದ ದಿನಗಳಲ್ಲೂ ಒಂದ್ಸಲ ಹಿಡಿ ಮೇಲೆ ಕೈ ಇಟ್ಟೆ, ಆಗಲಿಲ್ಲ, ಅಮ್ಮನ ಕೆಲಸ ಅದು ಅನ್ನಿಸ್ತು, ತಪ್ಪು ಮಾಡಿದ್ನಾ ಅಪ್ಪಾ. ಇಲ್ಲ ಪುಟ್ಟಿ, ಅಂದ ಅವನು, ತಪ್ಪೇನಿಲ್ಲ, ಲೋಹ ತಾನೇ ಎಷ್ಟು ಅಂತ ಕುಗ್ಗುತ್ತೆ. ಆ ಕಡೆಯಿಂದ ನಗುವೋ ಅಳುವೋ ಒಂದು ಸದ್ದು ಬಂತು. ಅವಳು ನಗ್ತಿದ್ಲಾ, ನಾನು ಹೇಳುವಾಗ, ಕೇಳಿಯೇಬಿಟ್ಟ. ಅದು ನಂಗೊತ್ತಿಲ್ಲ ಅಪ್ಪಾ, ನಾನು ಕೂತಿರ್ತಿದ್ದದ್ದು ಈ ಕಡೆ, ಅಮ್ಮನ ಮುಖ ಕಾಣ್ತಿರ್ಲಿಲ್ಲ, ಬಸ್ಸು ಹೊರಡ್ಬೇಕು, ಸಂಜೆ ಬರ್ತೀನಿ, ಊಟ ಮಾಡಿ.

ಊಟ ಇರಲಿ, ನೀರಿನ ವಾಲ್ವು ಹಾಗೇ ಕೂತಿದೆಯಲ್ಲ, ಅವನು ಮತ್ತೆ ಕಟ್ಟೆಯ ಮುಂದೆ ನಿಂತ, ಹಬೆಯದನ್ನು ತಿರುಗಿಸಿದ, ಮೌನ, ಬೆಣ್ಣೆ, ತಾನೇ ಮಾಡಿದ ಕೆಲಸ, ಎರಡರಲ್ಲಿ ಒಂದು ಕಿರ್ ಈಗಾಗಲೇ ಹೋಗಿದೆ, ಗೊತ್ತಿಲ್ಲದೆ ಸುಣ್ಣದ ಜೊತೆ ತೊಳೆದು ಸಿಂಕಿಗೆ ಬಿಟ್ಟಿದ್ದಾನೆ, ಇನ್ನೊಂದು ಇಲ್ಲಿದೆ, ಎಡಗಡೆ, ತಿರುಗಿಸಿದರೆ ಬರುತ್ತದೆ, ಕಿರ್. ಗ್ರೀಸು ಹಚ್ಚಿದರೆ ಇದೂ ಹೋಗುತ್ತದೆ. ಹಚ್ಚದೆ ಬಿಡಬಹುದು, ಸೋರುತ್ತಿಲ್ಲವಲ್ಲ, ಯಾರು ಬಂದು ಕೇಳುತ್ತಾರೆ, ಮಲಗುವಾಗ ಬಂದು ಒಂದು ಸಲ ತಿರುಗಿಸಿ ಹೋಗಬಹುದು, ಪ್ರಾರ್ಥನೆಯ ಪುಸ್ತಕ ಮುಚ್ಚಿ, ಚಪ್ಪಲಿ ಎಳೆದು, ಕಿರ್, ಆದರೆ ಆಗ ಹಾಸಿಗೆಯಲ್ಲಿ ಮಲಗಿ ಅದನ್ನು ಕೇಳುವವರು ಯಾರು, ಒಬ್ಬನೇ ಎರಡೂ ಕಡೆ ಇರಲು ಆಗುವುದಿಲ್ಲವಲ್ಲ. ಮತ್ತೆ ಮತ್ತೆ ತಿರುಗಿಸಿದ. ಮೂಲೆಯಲ್ಲಿ ಬಚ್ಚಿಟ್ಟ ತಿಂಡಿಯನ್ನು ಮಗು ಚೂರುಚೂರೇ ತಿನ್ನುವ ಹಾಗೆ. ಸಂಜೆ ಮಗಳು ಬರುತ್ತಾಳೆ, ಕಪ್ಪು ಬೆಚ್ಚಗೆ ಮಾಡಲು ಬಿಸಿನೀರಿನ ಹಿಡಿ ತೆರೆಯುವವಳು ಈಗ ಅವಳೇ, ಅವಳ ಮುಖ ಇರುವುದು ಆ ಕಡ್ಡಿಯ ನೇರಕ್ಕೆ. ಅವನು ಸ್ಪ್ಯಾನರು ತೆಗೆದುಕೊಂಡ. ನಟ್ಟು ಮೊದಲು ಹಟ ಮಾಡಿ ಆಮೇಲೆ ಒಪ್ಪಿತು, ಕಡ್ಡಿ ಸುತ್ತಿಕೊಂಡು ಹೊರಗೆ ಬಂತು, ರಬ್ಬರಿನ ಬಳೆ ಮುಟ್ಟಿದರೆ ಪುಡಿ, ಇನ್ನು ಕೆಲವು ದಿನ ಬಿಟ್ಟಿದ್ದರೆ ಅಂಗಡಿಯ ಹೆಂಗಸಿನ ಮಾತು ನಿಜವಾಗುತ್ತಿತ್ತು. ತಿಕ್ಕಿದ, ತೊಳೆದ, ಹೊಸದು ತೊಡಿಸಿದ, ಸೂಜಿಯ ತುದಿಯಲ್ಲಿ ಗ್ರೀಸು ತೆಗೆದು ಒಂದು ಗಳಿಗೆ ಹಿಡಿದುಕೊಂಡ, ಕೊಟ್ಟವನೂ ನೀನು, ಕೇಳಿಸಿದವನೂ ನೀನು, ಕೇಳಿದೆ, ಸಾಕಷ್ಟು ಕೇಳಿದೆ, ಆಗ ಗೊತ್ತಿರಲಿಲ್ಲ ಅಷ್ಟೇ, ಹಚ್ಚಿದ. ಕೂರಿಸಿ ಬಲಕ್ಕೆ ತಿರುಗಿಸಿದ, ತಡೆ ಸಿಕ್ಕಿತು, ಇಡೀ ಮುಷ್ಟಿಯಲ್ಲಲ್ಲ, ಎರಡೇ ಬೆರಳಲ್ಲಿ, ಒಂದು ಕೂದಲೆಳೆಯಷ್ಟು ಆಚೆಗೆ — ಏನೂ ಇಲ್ಲ. ಸದ್ದಿಲ್ಲ. ಸದ್ದಿಲ್ಲದ ಆ ಜಾಗದಲ್ಲಿ ಬೆರಳು ಹಾಗೇ ನಿಂತಿತು, ಯೋಚನೆಯೂ ನಿಂತಿತು, ಕಣ್ಣ ಮುಂದೆ ಸೋಫಾದಲ್ಲಿ ಭಾಮೈದ ಕಾಲು ಚಾಚಿದ್ದಾನೆ, ಇವನ ತೋಳು ಲೋಲಕವಾಗಿ ಅತ್ತ ಹೋಗುತ್ತಿದೆ, ಇತ್ತ ಬರುತ್ತಿದೆ, ಇತ್ತ ಬರುವಾಗ ತಲೆ ಅರ್ಧ ತಿರುಗಿ ಬಾಗಿಲಲ್ಲಿ ಅವಳು ಕಾಣುತ್ತಾಳೆ, ಕಂಡದ್ದೇ, ಎಷ್ಟೋ ಸಲ ಕಂಡದ್ದೇ, ಕೆಳತುಟಿ ಹಲ್ಲಿನಡಿ ಸಿಕ್ಕಿಕೊಂಡಿದೆ, ಕಣ್ಣು ಕಪ್ಪಿನ ಮೇಲಿಲ್ಲ, ತಮ್ಮನ ಮೇಲೂ ಇಲ್ಲ, ಈ ತೋಳು ಹೋದ ಕಡೆಗೆಲ್ಲ ಹೋಗಿ ಬರುತ್ತಿದೆ, ಟವೆಲ್ಲಿನೊಳಗೆ ಒಣಗಿದ ಕಪ್ಪು ತಿರುಗುತ್ತಿದೆ, ಒಣಗಿದ ಕಪ್ಪು, ಒರೆಸುತ್ತ, ಒರೆಸುತ್ತ